ಗಟ್ಟಿ ಲೋಹ ಸಿಗುವವರೆಗೆ

ಶನಿವಾರ. ಪೋರ್ಟ್ ಟಾಲ್ಬಟ್‌ನ ಕಡಲಗಾಳಿ
ಗ್ಯಾರೇಜಿನ ತಗಡು ಬಾಗಿಲನ್ನು ತಟ್ಟಿ ತಟ್ಟಿ ನೋಡುತ್ತಿದೆ.
ಒಳಗೆ ನಾಲ್ಕು ಕಬ್ಬಿಣದ ಮುಕ್ಕಾಲಿಗಳ ಮೇಲೆ
ಅರವತ್ತೇಳರ ಹೆರಾಲ್ಡ್.
ಗಾಲಿಯಿಲ್ಲ, ಬಂಪರಿಲ್ಲ,
ಮೂಗಿನ ಸಮೇತ ಮೇಲೆದ್ದ ಬಾನೆಟ್ಟು,
ವಾರವಿಡೀ ನನ್ನ ಕುರ್ಚಿಯಲ್ಲಿ ಒರಗಿ
ಆ ಎನ್ನುವವರ ಹಾಗೆಯೇ.

ನಾನು ಹಲ್ಲಿನ ಡಾಕ್ಟರು.
ಸೋಮವಾರದಿಂದ ಶುಕ್ರವಾರದವರೆಗೆ ಹುಳುಕು,
ಶನಿವಾರ ತುಕ್ಕು.
ಕಣ್ಣನ್ನು ನಂಬಬಾರದು, ಮೊನೆಯನ್ನು ನಂಬಬೇಕು,
ಎರಡಕ್ಕೂ ಇದೊಂದೇ ಪಾಠ.

ಬಣ್ಣದಡಿ ಒಂದು ಗುಳ್ಳೆ, ಸಾಸಿವೆಯಷ್ಟು.
ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದೆ.
ಸುಟ್ಟ ಹಪ್ಪಳದಂತೆ ಮುರಿದು
ಹಿಡಿಕೆಯವರೆಗೂ ಒಳಗೆ ಹೋಯಿತು.

ಆಮೇಲೆ ಹೊರಬಿತ್ತು ಹಿಂದಿನವನ ಕೈಚಳಕ:
ಬಾಗಿಲ ಕೆಳಗಿನ ಪೊಳ್ಳು ತುಂಬ
ಮಡಚಿ ತುರುಕಿದ ಪೇಪರು,
ಮೇಲೆ ಬೆರಳುಗಾತ್ರ ಫಿಲ್ಲರು, ಅದರ ಮೇಲೆ
ನೀಲಿ, ಮತ್ತೆ ನೀಲಿ, ಮತ್ತೆ ಹೊಳಪು.
ಮೇಲೆ ಥಳಕು ಒಳಗೆ ಹುಳುಕು ಅಂದವರು
ಈ ಕಾರನ್ನು ನೋಡಿಯೇ ಅಂದಿರಬೇಕು.

ಹಾಳೆ ಬಿಡಿಸಿದೆ. ಎಂಬತ್ತಮೂರರ ನವೆಂಬರ್.
ಯಾರದೋ ಸೋಫಾ ಮಾರಾಟಕ್ಕಿದೆ, ಹೆಚ್ಚು ಬಳಸಿಲ್ಲವಂತೆ.
ರಗ್ಬಿ ಪಂದ್ಯದ ಅರ್ಧ ವರದಿ ಇದೆ,
ಉಳಿದರ್ಧ ಕೆಂಪಾಗಿ ಕರಗಿದೆ.
ಗೆದ್ದರೋ ಸೋತರೋ.

ಪಕ್ಕದ ಮನೆಯ ಎಮ್ರಿಸ್ ಬಂದು ನಿಂತ.
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ
ಉಕ್ಕನ್ನು ಚಪಾತಿಯಂತೆ ಲಟ್ಟಿಸಿದವನು;
ಕುಲುಮೆ ಆರಿದ ಮೇಲೆ ರಾತ್ರಿಯ ಆಕಾಶ
ಬರೀ ಕಪ್ಪಗಿರುವುದನ್ನು ಇನ್ನೂ ಒಪ್ಪದವನು.
ಬಗ್ಗಿ ನೋಡಿದ. ಕತ್ತರಿಸು, ಅಂದ.
ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸು.
ತುಕ್ಕಿಗೆ ಬೆಸುಗೆ ಹಾಕಿದರೆ
ಗಾಳಿಗೆ ಗುಂಡಿ ಹೊಲಿದ ಹಾಗೆ.

ಹೆಚ್ಚುಕಡಿಮೆ ಇದೇ ಮಾತನ್ನು
ದಿನಕ್ಕೆ ಹತ್ತು ಬಾಯಿಗಳಿಗೆ ನಾನೂ ಹೇಳುತ್ತೇನೆ.
ಹೇಳಿಸಿಕೊಳ್ಳುವಾಗ ಮಾತ್ರ
ಅಂಗೈಯಗಲ ಸಾಕು ಅನ್ನಿಸುತ್ತದೆ.
ಅಂಗೈ ಮೊಳವಾಯಿತು, ಮೊಳ ಮಾರಾಯಿತು.
ಗ್ರೈಂಡರಿನ ಕಿಡಿ ನಿಂತಾಗ
ನನ್ನ ಕೈ, ತೋಳು, ಕಣ್ಣರೆಪ್ಪೆ ಎಲ್ಲ
ಸಂಡೂರಿನ ಬಣ್ಣ.

ಅದಿರಿನ ಲಾರಿಗಳ ಹಿಂದೆ ಶಾಲೆಗೆ ನಡೆದವಳು ನಾನು.
ನಮ್ಮ ಬಿಳಿ ಯೂನಿಫಾರಂ ಹೆಸರಿಗಷ್ಟೇ ಬಿಳಿ.
ಒಗೆದ ನೀರು ಕೆಂಪು, ಒರೆಸಿದ ಸೆರಗು ಕೆಂಪು,
ಸೀನಿದರೆ ಅದೂ.
ಈಗ ಇಲ್ಲಿ ಕೂತು ಯೋಚಿಸಿದರೆ
ಕಬ್ಬಿಣಕ್ಕೆ ಕಾಯಿಲೆಯೇನೂ ಬಂದಿಲ್ಲ,
ಅದು ಮಣ್ಣಿನ ಕಡೆ ವಾಪಸು ಹೊರಟಿದೆ.
ಅಡ್ಡ ನಿಂತಿರುವವಳು ನಾನೇ.

ಎಮ್ರಿಸ್ ತನ್ನ ಶೆಡ್ಡಿನಿಂದ ಒಂದು ತಗಡು ತಂದ.
ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟದ್ದು, ಹೊಸದು.
ಎಲ್ಲಿಯದೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟಿನಲ್ಲಿ ಅಳತೆ ತೆಗೆದು
ಕತ್ತರಿಸಿ, ಬಗ್ಗಿಸಿ, ಹೊಂದಿಸಿ
ಮೊದಲ ಬೆಸುಗೆ ಇಟ್ಟೆ.
ಪಾರಿವಾಳ ಕೂತು ಹೋದ ಹಾಗಿದೆ, ಅಂದ.
ಒಂದೇ ಸಮ ಎಳೆಯಬೇಡ, ಕಾದು ಸೊಟ್ಟಗಾಗುತ್ತದೆ.
ಇಲ್ಲೊಂದು, ಆ ತುದಿಯಲ್ಲೊಂದು, ನಡುವೆ ಒಂದು.
ನನಗೆ ತಟ್ಟನೆ ಅರ್ಥವಾಯಿತು:
ರಂಗೋಲಿ.
ಮೊದಲು ಚುಕ್ಕಿ. ಎಳೆ ಆಮೇಲೆ.

ಚಹಾಕ್ಕೆ ಕೂತೆವು, ಪೇಂಟಿನ ಡಬ್ಬಗಳ ಮೇಲೆ.
ಅವನು ಬಿಸ್ಕತ್ತನ್ನು ಬಲಗಡೆಯಲ್ಲೇ ಕಡಿದ,
ಎಡಗೆನ್ನೆಯನ್ನು ಬಾಡಿಗೆಮನೆಯಂತೆ ಹಾಗೇ ಬಿಟ್ಟು.
ಎಷ್ಟು ದಿನದಿಂದ? ಅಂದೆ.
ದಿನವಲ್ಲ, ಅಂದ.
ಕೈದೀಪ ಎತ್ತಿಕೊಂಡೆ. ಬಾಯಿ ತೆರೆ ಎಮ್ರಿಸ್.
ಇವತ್ತು ಬೇಡ, ಮೊದಲು ಇದು ಮುಗಿಯಲಿ.

ಎಲ್ಲರೂ ಹಾಗೇ ಹೇಳುತ್ತಾರೆ.
ದೀಪವನ್ನು ಕಾರಿನ ಆಚೆ ಮಗ್ಗುಲಿಗೆ ಹಿಡಿದೆ.
ಬಾಗಿಲ ಕೆಳಗೆ, ನಯವಾದ ನೀಲಿಯಲ್ಲಿ
ಒಂದು ಗುಳ್ಳೆ,
ಸಾಸಿವೆಗಿಂತ ಚಿಕ್ಕದು.